ಗೋಕಾಕಕ್ಕೆ ಬಂದವರ ದಡ್ಡಿ ಎಲ್ಲಿ?

ಕುರಿಗಾರರು ಹೊತ್ತು ಮುಳುಗುವ ಮೊದಲೇ ಹಿಂಡು ರಾತ್ರಿ ತಂಗುವ ದಡ್ಡಿ ಹಾಕಲು ಜಾಗ ನೋಡಿಕೊಳ್ಳುತ್ತಾರೆ. ನೀರು ಹತ್ತಿರವಿರಬೇಕು, ಆದರೆ ಮಳೆ ಬಂದರೆ ಕಾಲಡಿ ನಿಲ್ಲಬಾರದು. ನೆಲ ತುಸು ಏರಾಗಿರಬೇಕು. ಬೆಳಿಗ್ಗೆ ಹಿಂಡು ಹೊರಡುವ ದಾರಿಗೆ ಅಡ್ಡಿ ಇರಬಾರದು. ಮಳೆಗಾಲದಲ್ಲಿ ಜಲಪಾತ ನೋಡಲು ಗೋಕಾಕದ ಸೀಮೆಗೆ ಬರುವವರು ವಸತಿ ಹುಡುಕುವಾಗ ಕುರಿಗಾರರ ಈ ಲೆಕ್ಕವನ್ನೇ ಹಾಕುವುದು ಒಳ್ಳೆಯದು. ಮೊಬೈಲಿನಲ್ಲಿ ಕೋಣೆಯ ಚಿತ್ರ, ಬಾಡಿಗೆ ಎರಡೂ ಸಿಗುತ್ತವೆ; ಆ ಓಣಿ ನದಿಗೆ ಎಷ್ಟು ಹತ್ತಿರ ಎಂಬುದನ್ನು ಕೇಳಿಯೇ ತಿಳಿಯಬೇಕು.

ಮೊದಲ ಬಾರಿ ಬರುವವರು ಗೊತ್ತುಮಾಡಿಕೊಳ್ಳಬೇಕಾದ ಸಂಗತಿ ಒಂದಿದೆ: ಗೋಕಾಕ ಜಲಪಾತ ಇರುವುದು ಗೋಕಾಕ ಪೇಟೆಯೊಳಗಲ್ಲ, ಅಲ್ಲಿಂದ ಸುಮಾರು 6 ಕಿ.ಮೀ. ದೂರದಲ್ಲಿ. ಘಟಪ್ರಭೆ 52 ಮೀಟರ್ ಆಳಕ್ಕೆ ಧುಮುಕುವ ಆ ಜಾಗದಲ್ಲಿ 1880ರ ದಶಕದಲ್ಲಿ ನೂಲಿನ ಗಿರಣಿ ಬಂತು. ನೀರಿನ ಬಲದಿಂದ ಗಿರಣಿ ಓಡಿತು, ಗಿರಣಿಯ ಸುತ್ತ ಕಾರ್ಮಿಕರ ಮನೆಗಳೆದ್ದವು. ಅದು ದುಡಿಯುವವರಿಗಾಗಿ ಬೆಳೆದ ಊರು. ಆದ್ದರಿಂದ ಅಲ್ಲಿನ ತೂಗುಸೇತುವೆ, ಮಹಾಲಿಂಗೇಶ್ವರ ಗುಡಿ ನೋಡಿಕೊಂಡು ಸಂಜೆ ಪೇಟೆಗೆ ಮರಳುವುದೇ ಸಲೀಸು. ಲಾಡ್ಜು, ಖಾನಾವಳಿ, ಬಸ್ ನಿಲ್ದಾಣ, ಮನೆಗೆ ಒಯ್ಯಲು ಕರದಂಟು ಎಲ್ಲವೂ ಸಿಗುವುದು ಪೇಟೆಯಲ್ಲಿಯೇ.

ಹಾಗಾದರೆ ಪೇಟೆಯಲ್ಲಿ ಎಲ್ಲಿ? ಇಲ್ಲಿ ತುಸು ನಿಂತು ಯೋಚಿಸಬೇಕು. ಗೋಕಾಕ ಒಂದು ಕಡೆ ಗುಡ್ಡ, ಇನ್ನೊಂದು ಕಡೆ ಹೊಳೆ ಇರುವ ಊರು. ಜಲಪಾತ ತುಂಬಿ ಭೋರ್ಗರೆಯುವ ದಿನಗಳೇ ಊರಿಗೆ ನೀರು ನುಗ್ಗುವ ದಿನಗಳೂ ಹೌದು. 2019ರ ಆಗಸ್ಟ್ ನೆರೆಯಲ್ಲಿ ದನದ ಪೇಟೆ, ಮಟನ್ ಮಾರ್ಕೆಟ್ ಕಡೆಯ ತಗ್ಗು ಓಣಿಗಳು ಮುಳುಗಿ ಸಾವಿರಾರು ಜನ ಮನೆ ಬಿಟ್ಟರು. ಲೋಳಸೂರ ಸೇತುವೆಯೂ ನೀರಿನಡಿ ಹೋಗಿ ಸಂಕೇಶ್ವರದ ಕಡೆಯ ಸಂಚಾರ ನಿಂತಿತು. ಅದೇ ವರ್ಷದ ಅಕ್ಟೋಬರಿನಲ್ಲಿ ಮಲ್ಲಿಕಾರ್ಜುನ ಗುಡ್ಡದ ದೊಡ್ಡ ಬಂಡೆಗಳು ಜಾರುವ ಭಯ ಹುಟ್ಟಿ ಕೆಳಗಿನ ಮನೆಗಳವರು ನಿದ್ದೆಗೆಟ್ಟರು. ಆದ್ದರಿಂದ ಮಳೆಗಾಲದಲ್ಲಿ ಹೊಳೆಯ ದಂಡೆಯೂ ಬೇಡ, ಗುಡ್ಡದ ಬುಡವೂ ಬೇಡ. ಬಸ್ ಹಿಡಿಯಲು ಅನುಕೂಲವಾದ ಎತ್ತರದ ರಸ್ತೆಯೇ ಲೇಸು. ಫೋನಿನಲ್ಲಿ ಬಾಡಿಗೆ ವಿಚಾರಿಸುವಾಗ, "ಹತ್ತೊಂಬತ್ತರಾಗ ನಿಮ್ಮ ಓಣಿಗೆ ನೀರ ಬಂದಿತ್ತೇನ್ರಿ?" ಎಂದು ಕೇಳಿಬಿಡಬೇಕು. ಆ ವರ್ಷವನ್ನು ಇಲ್ಲಿ ಯಾರೂ ಮರೆತಿಲ್ಲ.

ರೈಲಿನಲ್ಲಿ ಬರುವವರ ಲೆಕ್ಕ ಬೇರೆ. ಬೆಂಗಳೂರಿನಿಂದ ರಾತ್ರಿ ಹೊರಡುವ ರಾಣಿ ಚೆನ್ನಮ್ಮ ಎಕ್ಸ್‌ಪ್ರೆಸ್ ಬೆಳಗಾವಿ ದಾಟಿ ಘಟಪ್ರಭಾ ನಿಲ್ದಾಣಕ್ಕೆ ಬೆಳಿಗ್ಗೆ ತಲುಪುತ್ತದೆ. ಧೂಪದಾಳದ ಒಡ್ಡು, ಪಕ್ಷಿಧಾಮ ನೋಡುವ ಆಸೆಯಿದ್ದರೆ ಘಟಪ್ರಭಾದ ಕಡೆಯೇ ತಂಗುವುದು ಸರಿ. ಹಕ್ಕಿಗಳಿಗಾಗಿ ಬರುವವರು ಚಳಿಗಾಲವನ್ನೇ ಆರಿಸಲಿ. ಮಾರ್ಕಂಡೇಯ ನದಿಯ ಗೋಡಚಿನಮಲ್ಕಿ ಜಲಪಾತಕ್ಕೆ ಪಾಶ್ಚಾಪುರ ನಿಲ್ದಾಣ ಹತ್ತಿರ, ಆದರೆ ಅದು ಹಗಲು ನೋಡಿ ಮರಳುವ ಜಾಗ. ಶಿವಬೋಧರಂಗರ ಮಠಕ್ಕೆ ಹೋಗುವವರಿಗೆ ಆ ಮಠವಿರುವ ಮೂಡಲಗಿಯಲ್ಲೇ ತಂಗುವುದು ನೇರ.

ವಯಸ್ಸಾದವರು, ಮಕ್ಕಳು ಜೊತೆಗಿದ್ದರೆ ಬೆಳಗಾವಿಯಲ್ಲಿ ಉಳಿದು ಬೆಳಿಗ್ಗೆ ಹೊರಡುವುದೂ ಒಂದು ದಾರಿ. ದೊಡ್ಡ ಆಸ್ಪತ್ರೆಗಳು ಅಲ್ಲಿವೆ. ಅಲ್ಲಿಯೂ ಬಡಾವಣೆಯ ವಿಚಾರ ಬಿಡುವಂತಿಲ್ಲ. 1924ರಲ್ಲಿ ಗಾಂಧೀಜಿ ಅಧ್ಯಕ್ಷತೆಯ ಕಾಂಗ್ರೆಸ್ ಅಧಿವೇಶನ ನಡೆದ ಟಿಳಕವಾಡಿ ವಾಸಕ್ಕೆ ಹಿತವಾದ ಜಾಗ, ಆದರೆ ಗೋಕಾಕದ ಕಡೆ ಹೊರಟರೆ ಇಡೀ ಊರು ದಾಟಬೇಕು. ಹೆದ್ದಾರಿಗೆ ಹತ್ತಿರದ ನೆಹರೂ ನಗರದಿಂದ ಆ ತಾಪತ್ರಯವಿಲ್ಲ. ಕೋಟೆ, ಅದರೊಳಗಿನ ಕಮಲ ಬಸದಿ ಮುಖ್ಯವಾದರೆ ಕೇಂದ್ರ ಬಸ್ ನಿಲ್ದಾಣದ ಆಸುಪಾಸು ಸಾಕು.

ಹೊರಡುವ ಹಿಂದಿನ ದಿನ ಘಟಪ್ರಭೆಯ ಹಿಡಕಲ್ ಅಣೆಕಟ್ಟಿನ ಸುದ್ದಿಯನ್ನೊಮ್ಮೆ ನೋಡಿ. ಹೊಳೆಗೆ ಭಾರಿ ನೀರು ಬಿಟ್ಟಿದ್ದಾರೆಂದು ತಿಳಿದರೆ, ಮುಂಗಡ ಹೋದರೂ ಚಿಂತೆಯಿಲ್ಲ, ದಂಡೆಯ ಓಣಿಯ ಕೋಣೆಯನ್ನು ಬಿಟ್ಟುಬಿಡಿ.