ಆಂಬುಲೆನ್ಸ್ ಎಲ್ಲಿ ನಿಂತಿರಬೇಕು?

ಕೆಲವು ವರ್ಷಗಳ ಹಿಂದಿನ ಮಳೆಗಾಲದ ಒಂದು ರಾತ್ರಿ. ಔರಾದ ಕಡೆಯ ರೈತರೊಬ್ಬರಿಗೆ ಹೊಲದ ಬದುವಿನಲ್ಲಿ ಕೊಳಕುಮಂಡಲ ಕಡಿಯಿತು. ಮನೆಯವರು ಆಂಬುಲೆನ್ಸಿಗೆ ಫೋನ್ ಮಾಡಿದರು. ಸಮೀಪದ ವಾಹನ ಆಗಷ್ಟೇ ಒಬ್ಬ ಗರ್ಭಿಣಿಯನ್ನು ಕರೆದುಕೊಂಡು ಬೀದರಿಗೆ ಹೋಗಿತ್ತು. ಕೊನೆಗೆ ಟೆಂಪೊ ಒಂದನ್ನು ಹಿಡಿದು ಅವರು ನನ್ನ ಬಳಿ ಬರುವಷ್ಟರಲ್ಲಿ ಎರಡೂವರೆ ಗಂಟೆ ಕಳೆದಿತ್ತು. ಜೀವವೇನೋ ಉಳಿಯಿತು. ಆದರೆ ಮೂತ್ರಪಿಂಡಕ್ಕೆ ಪೆಟ್ಟು ಬಿದ್ದು ವಾರಗಟ್ಟಲೆ ಡಯಾಲಿಸಿಸ್ ಬೇಕಾಯಿತು.

ಇಲ್ಲಿ ಯಾರದು ತಪ್ಪು? ಚಾಲಕನದಲ್ಲ, ಗರ್ಭಿಣಿಯದಂತೂ ಅಲ್ಲವೇ ಅಲ್ಲ. ಪ್ರಶ್ನೆ ಇರುವುದು ಲೆಕ್ಕಾಚಾರದಲ್ಲಿ. ಈ ಲೆಕ್ಕವನ್ನು ಮೊದಲೇ ಮಾಡಿ ನೋಡಲು ಕಂಪ್ಯೂಟರ್ ನೆರವಾಗುತ್ತದೆ. ಇದಕ್ಕೆ ಸಿಮ್ಯುಲೇಶನ್ ಎನ್ನುತ್ತಾರೆ. ಎಂದರೆ, ನಿಜವಾಗಿ ನಡೆಯುವುದನ್ನು ಅಣಕು ಆಟವಾಗಿ ಸಾವಿರಾರು ಸಲ ಆಡಿಸಿ ನೋಡುವುದು.

ನೀವೂ ಮನೆಯಲ್ಲೇ ಇದನ್ನು ಆಡಬಹುದು. ಒಂದು ದಾಳ, ಒಂದು ಹಾಳೆ ಸಾಕು. ತಾಲ್ಲೂಕಿಗೆ ಒಂದೇ ವಾಹನ ಎಂದುಕೊಳ್ಳಿ. ಪ್ರತಿ ಗಂಟೆಗೊಮ್ಮೆ ದಾಳ ಎಸೆಯಿರಿ; ಆರು ಬಿದ್ದರೆ ಒಂದು ಕರೆ ಬಂತು ಎಂದು ಬರೆದುಕೊಳ್ಳಿ. ದಿನಕ್ಕೆ ಸರಾಸರಿ 4 ಕರೆಗಳಾದವು. ಭಾಲ್ಕಿಯಾಗಲಿ ಔರಾದಾಗಲಿ, ಬೀದರಿಗೆ ಸುಮಾರು 40 ಕಿ.ಮೀ. ಹಳ್ಳಿಗೆ ಹೋಗಿ, ರೋಗಿಯನ್ನು ಬೀದರಿಗೆ ಮುಟ್ಟಿಸಿ, ಮರಳಿ ಬರಲು 3 ಗಂಟೆ ಹಿಡಿಯೋಣ. ಆ 3 ಗಂಟೆಯೊಳಗೆ ಬಂದ ಮುಂದಿನ ಕರೆ ಕಾಯಬೇಕು.

ದಿನಕ್ಕೆ 12 ಗಂಟೆ ಕೆಲಸ, 12 ಗಂಟೆ ಬಿಡುವು. ಸಾಲದೇ ಎಂದು ನಿಮಗೆ ಅನ್ನಿಸಬಹುದು. ನನಗೂ ಹಾಗೇ ಅನ್ನಿಸಿತ್ತು. ಮಗಳು ಇದೇ ಆಟವನ್ನು ಲ್ಯಾಪ್‌ಟಾಪಿನಲ್ಲಿ ಹತ್ತು ಸಾವಿರ ದಿನಗಳಷ್ಟು ಆಡಿಸಿ ತೋರಿಸಿದಳು. 100 ಕರೆಗಳಲ್ಲಿ ಸುಮಾರು 40 ಕಾಯುತ್ತವೆ! ಇನ್ನೊಂದು ವಾಹನ ಸೇರಿಸಿದರೆ ಕಾಯುವವರು ಅರ್ಧಕ್ಕೆ ಇಳಿಯುವುದಿಲ್ಲ, 100ಕ್ಕೆ ಮೂರಕ್ಕೆ ಇಳಿಯುತ್ತಾರೆ. ಕರೆಗಳು ಗಡಿಯಾರ ನೋಡಿಕೊಂಡು ಬರುವುದಿಲ್ಲ, ಒಂದರ ಬೆನ್ನಿಗೆ ಒಂದು ಬರುತ್ತವೆ. ಸರಾಸರಿಯ ಲೆಕ್ಕ ಇದನ್ನು ಮುಚ್ಚಿಡುತ್ತದೆ. (ನಿಜ ಜೀವನ ದಾಳದಷ್ಟು ಶಿಸ್ತಿನದಲ್ಲ. ಆದ್ದರಿಂದ ಈ ಅಂಕಿಗಳನ್ನು ನಮ್ಮ ತಾಲ್ಲೂಕಿನ ಅಂಕಿಗಳೆಂದು ತಿಳಿಯಬೇಡಿ.)

ವೈದ್ಯನಾದ ನನಗೆ ಹೆಚ್ಚು ಹಿಡಿಸಿದ್ದು ಮೂರನೆಯ ಆಟ. ವಾಹನ ಒಂದೇ ಇರಲಿ. ಆದರೆ ಹಾವಿನ ವಿಷಕ್ಕೆ ಮದ್ದು, ಹೆರಿಗೆಯ ಸೌಲಭ್ಯ ತಾಲ್ಲೂಕು ಆಸ್ಪತ್ರೆಯಲ್ಲೇ ಇದ್ದು, ಪ್ರಯಾಣ 3ರ ಬದಲು 2 ಗಂಟೆಗೆ ಮುಗಿಯಲಿ. ಕಾಯುವವರು 40ರಿಂದ 20ಕ್ಕೆ ಇಳಿದರು. ತಾಲ್ಲೂಕು ಆಸ್ಪತ್ರೆಯ ಕಪಾಟಿನಲ್ಲಿರುವ ಮದ್ದು ಎದುರಿಗಿರುವ ರೋಗಿಯನ್ನಷ್ಟೇ ಅಲ್ಲ, ಇನ್ನೂ ಫೋನ್ ಮಾಡದಿರುವ ಮುಂದಿನ ರೋಗಿಯನ್ನೂ ಕಾಪಾಡುತ್ತದೆ ಎಂದಾಯಿತು. ಇಪ್ಪತ್ತು ವರ್ಷ ವೃತ್ತಿ ಮಾಡಿಯೂ ನಾನು ಇದನ್ನು ಹೀಗೆ ಯೋಚಿಸಿರಲಿಲ್ಲ.

ಈ ವಿದ್ಯೆ ಹೊಸದೇನಲ್ಲ. ನ್ಯೂಯಾರ್ಕ್ ನಗರದ ಆಂಬುಲೆನ್ಸ್‌ಗಳ ಬಗ್ಗೆ ಸವಾಸ್ ಎಂಬ ತಜ್ಞರು ಇಂಥದೇ ಅಧ್ಯಯನವನ್ನು 1969ರಲ್ಲಿಯೇ ಪ್ರಕಟಿಸಿದ್ದರು. ಎಲ್ಲ ವಾಹನಗಳನ್ನೂ ಆಸ್ಪತ್ರೆಯ ಅಂಗಳದಲ್ಲೇ ನಿಲ್ಲಿಸುವ ಬದಲು ಕರೆಗಳು ಬರುವ ಕಡೆ ಚದುರಿಸಿ ನಿಲ್ಲಿಸುವುದು ಲೇಸು ಎಂಬುದು ಅದರ ಸಾರ.

ನಮ್ಮ ರಾಜ್ಯದಲ್ಲಿ 108 ಸೇವೆ 'ಆರೋಗ್ಯ ಕವಚ' ಎಂಬ ಹೆಸರಿನಲ್ಲಿ 2008ರ ನವೆಂಬರ್ 1ರಂದು ಆರಂಭವಾಯಿತು. ಲಕ್ಷ ಜನರಿಗೆ ಒಂದು ಸಾಧಾರಣ ಆಂಬುಲೆನ್ಸ್, 5 ಲಕ್ಷಕ್ಕೆ ಒಂದು ಸುಸಜ್ಜಿತ ಆಂಬುಲೆನ್ಸ್ ಎಂಬುದು ಸರ್ಕಾರದ ಮಾನದಂಡ. 2011ರ ಜನಗಣತಿಯಂತೆ ಬೀದರ ಜಿಲ್ಲೆಯ ಜನಸಂಖ್ಯೆ 17 ಲಕ್ಷ. ತಲೆ ಎಣಿಸಿ ಹಂಚುವುದು ಸುಲಭ. ಆದರೆ ಚದುರಿದ ಹಳ್ಳಿಗಳ ಔರಾದ ತಾಲ್ಲೂಕಿನ ಲಕ್ಷವೂ ಬೀದರ ನಗರದ ಲಕ್ಷವೂ ಒಂದೇ ಅಲ್ಲವಲ್ಲ! ಮಾಂಜ್ರಾ ತುಂಬಿದಾಗ ದಾರಿ ಬದಲಾಗುತ್ತದೆ. ಕಮಲನಗರದವರಿಗೆ ಬೀದರಿಗಿಂತ ಮಹಾರಾಷ್ಟ್ರದ ಉದಗೀರ ಹತ್ತಿರ. ನಕ್ಷೆಯ ರಾಜ್ಯದ ಗಡಿ ಹಾವಿನ ವಿಷಕ್ಕೆ ಗೊತ್ತಿಲ್ಲ. ಇವನ್ನೆಲ್ಲ ಕಂಪ್ಯೂಟರಿಗೆ ಹೇಳಿಕೊಟ್ಟರೆ ಮಾತ್ರ ಅದು ಉಪಯುಕ್ತ ಉತ್ತರ ಕೊಟ್ಟೀತು.

ನಿಜವಾಗಿ ಆಡಲಾಗದ ಆಟಗಳೂ ಇವೆ. 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ ಕಿಲ್ಲಾರಿಯ ಭೂಕಂಪವಾದಾಗ ನಾನು ಶಾಲಾ ಬಾಲಕ. ಅಂಥದು ಮತ್ತೆ ಬಂದರೆ ಗಾಯಾಳುಗಳು ಮೊದಲು ಎಲ್ಲಿಗೆ ಹೋಗಬೇಕು, ರಕ್ತ ಎಲ್ಲಿ ಮುಗಿಯುತ್ತದೆ, ಯಾವ ಸೇತುವೆ ಬಿದ್ದರೆ ಯಾವ ಊರು ಒಂಟಿಯಾಗುತ್ತದೆ ಎಂಬುದನ್ನು ಕಂಪ್ಯೂಟರಿನಲ್ಲಿ ಮಾತ್ರವೇ ಯಾರಿಗೂ ನೋವಾಗದಂತೆ ಪರೀಕ್ಷಿಸಬಹುದು.

ಆದರೆ ಸುಳ್ಳು ಅಂಕಿ ಹಾಕಿದರೆ ಸುಳ್ಳೇ ಹೊರಬರುತ್ತದೆ. ಕರೆ ಬಂದ ಗಂಟೆ, ವಾಹನ ತಲುಪಿದ ಗಂಟೆ ನಿಷ್ಠೆಯಿಂದ ದಾಖಲಾಗಬೇಕು. ಹಾವು ಕಡಿತದ ಪ್ರಕರಣಗಳನ್ನು ಆಸ್ಪತ್ರೆಗಳು ವರದಿ ಮಾಡಲೇಬೇಕೆಂದು ಕರ್ನಾಟಕ ಸರ್ಕಾರ 2024ರಲ್ಲಿ ಆದೇಶಿಸಿದ್ದು ಈ ದೃಷ್ಟಿಯಿಂದಲೂ ಒಳ್ಳೆಯದೇ.

ನಿಮ್ಮ ಪಾಲಿನದೂ ಒಂದಿಷ್ಟಿದೆ. 108ಕ್ಕೆ ಕರೆ ಮಾಡಿದಾಗ ಊರಿನ ಹೆಸರಿನ ಜೊತೆ ತಾಲ್ಲೂಕನ್ನೂ, ಗುಡಿಯೋ ಶಾಲೆಯೋ ಒಂದು ಗುರುತನ್ನೂ ಹೇಳಿ. ಒಂದೇ ಹೆಸರಿನ ಊರುಗಳು ಬೇಕಾದಷ್ಟಿವೆ. ಹಾವು ಕಡಿದಿದ್ದರೆ ಬಿಗಿಯಾಗಿ ಕಟ್ಟುವುದು, ಕೊಯ್ಯುವುದು, ಹೀರುವುದು ಬೇಡ. ಕಾಲನ್ನು ಅಲುಗಿಸದೆ ಮಲಗಿಸಿ, ಕಡಿದ ಸಮಯ ಬರೆದಿಡಿ. ಕಾಯಲಾರದೆ ಬೇರೆ ಗಾಡಿಯಲ್ಲಿ ಹೊರಟಿರಾದರೆ, ದಯವಿಟ್ಟು ಮತ್ತೊಮ್ಮೆ 108ಕ್ಕೆ ಫೋನ್ ಮಾಡಿ ತಿಳಿಸಿ. ಇಲ್ಲವಾದರೆ ಆ ವಾಹನ ನಿಮ್ಮ ಖಾಲಿ ಮನೆಯ ಬಾಗಿಲಿಗೆ ಬಂದು ನಿಂತಿರುತ್ತದೆ.