ಟೈರಿನ ಅಂಚಿನ ಗಾಯ ಮತ್ತು ಪಂಚರ್ ಅಂಗಡಿಯ ತಕರಾರು

ಪುಣೆ–ಬೆಂಗಳೂರು ರಾಷ್ಟ್ರೀಯ ಹೆದ್ದಾರಿ 48 ಹಾವೇರಿಯನ್ನು ದಾಟಿ ಮೋಟೆಬೆನ್ನೂರಿನ ಮೇಲಿಂದ ರಾಣೆಬೆನ್ನೂರಿಗೆ ಸಾಗುವ ಹಾದಿಯಲ್ಲೂ, ಮೋಟೆಬೆನ್ನೂರಿನಿಂದ ಬ್ಯಾಡಗಿಗೆ ತಿರುಗುವ ರಸ್ತೆಯಲ್ಲೂ, ಟೈರು ಬಿಚ್ಚಿ ಕೂಡಿಸುವ ಅಂಗಡಿಗಳಿಗೆ ವರ್ಷವಿಡೀ ಕೆಲಸವಿರುತ್ತದೆ. ಬ್ಯಾಡಗಿಯ ಮೆಣಸಿನಕಾಯಿ ಮಾರುಕಟ್ಟೆಗೆ ಬಳ್ಳಾರಿ, ರಾಯಚೂರು ಹಾಗೂ ಆಂಧ್ರದ ಕರ್ನೂಲು ಕಡೆಯಿಂದ ಮಾಲು ಬರುವ ಹಂಗಾಮಿನಲ್ಲಿ ಲಾರಿ, ಟೆಂಪೊ, ಟ್ರ್ಯಾಕ್ಟರುಗಳ ಓಡಾಟ ಹೆಚ್ಚಾಗಿ, ಹೊರೆ ಇಳಿಸಿ ಬೇಗ ಮರಳುವ ಆತುರದಲ್ಲಿರುವ ಚಾಲಕನೂ ಸರದಿಯಲ್ಲಿ ಇನ್ನೂ ನಾಲ್ಕು ಗಾಲಿ ಇಟ್ಟುಕೊಂಡಿರುವ ಕೆಲಸಗಾರನೂ ಎದುರಾಬದುರಾಗುತ್ತಾರೆ. ತಪ್ಪಾಗಿ ಕೂಡಿಸಿದ ಟೈರು ಅಂಗಡಿಯ ಎದುರಿಗೇ ಕೆಡುವುದು ಅಪರೂಪವಾದ್ದರಿಂದ, ಹತ್ತಾರು ಕಿಲೋಮೀಟರ್ ಓಡಿದ ಮೇಲೆ ಅಥವಾ ವಾರ ಕಳೆದ ಮೇಲೆ ಗಾಳಿ ಇಳಿದಾಗ, ಹಾನಿ ಅಂಗಡಿಯಲ್ಲಿ ಆದದ್ದೋ ರಸ್ತೆಯಲ್ಲಿ ಆದದ್ದೋ ಎಂಬ ತಕರಾರು ಹುಟ್ಟುತ್ತದೆ. ಈ ಪ್ರಶ್ನೆಗೆ ಉತ್ತರ ಬಹುಮಟ್ಟಿಗೆ ಟೈರಿನ ಮೈಮೇಲೆಯೇ ಉಳಿದಿರುತ್ತದೆ. ಅದನ್ನು ಓದುವ ಮೊದಲೇ ಹಳೆಯ ಟೈರನ್ನು ಗುಜರಿಗೆ ಹಾಕಿಬಿಡುವುದರಿಂದ ಹೆಚ್ಚಿನ ಜಗಳಗಳು ಇತ್ಯರ್ಥವಾಗದೆ ಉಳಿಯುತ್ತವೆ.

ಟೈರು ಕೂಡಿಸುವ ಕೆಲಸದ ಕಷ್ಟವೆಲ್ಲ ಇರುವುದು ಅದರ ಒಳ ಅಂಚಿನಲ್ಲಿ. ರಿಮ್ಮಿಗೆ ಕಚ್ಚಿಕೊಳ್ಳುವ ಈ ದಪ್ಪ ಅಂಚಿಗೆ ಬೀಡ್ ಎಂದು ಹೆಸರು. ಅದರೊಳಗೆ ಉಕ್ಕಿನ ತಂತಿಗಳ ಬಳೆ ಹುದುಗಿರುತ್ತದೆ. 1888ರಲ್ಲಿ ಡನ್‌ಲಪ್ ರೂಪಿಸಿದ ಗಾಳಿ ಟೈರನ್ನು ಗಾಲಿಗೆ ಅಂಟಿಸಿಬಿಡಲಾಗುತ್ತಿತ್ತು. 1890ರ ಸುಮಾರಿಗೆ ಅಂಚಿಗೆ ತಂತಿ ಕೊಡುವ ಹಾಗೂ ಟೈರನ್ನು ಬಿಚ್ಚಿ ಕೂಡಿಸುವ ವಿಧಾನಗಳು ಬಂದ ಮೇಲೆಯೇ ದಾರಿಬದಿಯ ದುರಸ್ತಿ ಸಾಧ್ಯವಾಯಿತು. ಆದರೆ ಉಕ್ಕಿನ ತಂತಿ ಹಿಗ್ಗುವುದಿಲ್ಲ. ರಿಮ್ಮಿನ ಹೊರತುಟಿಗಿಂತ ಬೀಡಿನ ಸುತ್ತಳತೆ ಕಿರಿದಾಗಿರುವುದರಿಂದ ಅದನ್ನು ನೇರವಾಗಿ ಒಳಗೆ ತಳ್ಳಲು ಬರುವುದಿಲ್ಲ. ಆ ಕಾರಣಕ್ಕೆ ಕಾರು, ಜೀಪು, ಟ್ರ್ಯಾಕ್ಟರುಗಳ ರಿಮ್ಮಿನ ನಡುವೆ ಒಂದು ತಗ್ಗು ಮಾಡಿರುತ್ತಾರೆ. ಬೀಡಿನ ಒಂದು ಭಾಗವನ್ನು ಆ ತಗ್ಗಿಗೆ ಇಳಿಸಿದರೆ ಎದುರು ಭಾಗಕ್ಕೆ ಸಡಿಲು ಸಿಕ್ಕಿ, ಅಂಗಿಯ ಗುಂಡಿಯನ್ನು ಓರೆ ಮಾಡಿ ಕಾಜಿನೊಳಗೆ ತೂರಿಸುವಂತೆ, ಅದು ತುಟಿಯನ್ನು ದಾಟಿ ಒಳಸೇರುತ್ತದೆ.

ಬೀಡು ತಗ್ಗಿಗೆ ಇಳಿಯದೆ ಮೇಲೇರಿ ಕುಳಿತಿದ್ದಾಗ ಕಬ್ಬಿಣದ ಪಟ್ಟಿ ಹಾಕಿ ಬಲವಂತವಾಗಿ ಮೀಟಿದರೆ, ಇಡೀ ಮೈಯ ಬಲವೆಲ್ಲ ಪಟ್ಟಿಯ ತುದಿಯಿರುವ ಎರಡು ಬೆರಳಗಲದ ಜಾಗದ ಮೇಲೆ ಬಿದ್ದು, ಮೇಲಿನ ರಬ್ಬರು ಹರಿಯುತ್ತದೆ ಅಥವಾ ಒಳಗಿನ ತಂತಿಯೇ ಮಡಿಚಿಕೊಳ್ಳುತ್ತದೆ. ಟ್ಯೂಬ್ ಇರುವ ಟೈರಿನಲ್ಲಿ ಅದೇ ಪಟ್ಟಿ ಟ್ಯೂಬನ್ನು ರಿಮ್ಮಿಗೆ ಒತ್ತಿ ಕಚ್ಚಿಹಾಕುವುದೂ ಉಂಟು. ಟ್ಯೂಬ್ ಇಲ್ಲದ ಟೈರಿನಲ್ಲಿ ಗಾಳಿಯನ್ನು ತಡೆದು ಹಿಡಿಯುವುದು ಬೀಡೇ ಆದ್ದರಿಂದ, ಅಲ್ಲಿ ಕೂದಲೆಳೆಯಷ್ಟು ಹರಿದರೂ ರಾತ್ರಿ ಕಳೆಯುವುದರೊಳಗೆ ಗಾಲಿ ಕುಗ್ಗುತ್ತದೆ. ಸಾಬೂನು ನೀರನ್ನಾಗಲಿ ಅದಕ್ಕೆಂದೇ ಸಿಗುವ ಜಾರು ಲೇಪವನ್ನಾಗಲಿ ಅಂಚಿಗೆ ಹಚ್ಚುವುದು ಈ ಕಾರಣಕ್ಕೆ. ಅದರ ಬದಲು ಗ್ರೀಸ್, ಡೀಸೆಲ್ ಅಥವಾ ಹಳೆಯ ಎಂಜಿನ್ ಆಯಿಲ್ ಬಳಿದರೆ ಕೆಲಸ ಸಲೀಸಾಗಬಹುದು, ಆದರೆ ಎಣ್ಣೆ ತಾಗಿದ ರಬ್ಬರು ಕ್ರಮೇಣ ಉಬ್ಬಿ ಮೆತ್ತಗಾಗುತ್ತದೆ. ಅಂಚು ಸರಿಯಾಗಿ ಕೂರದಿದ್ದಾಗ ಗಾಳಿಯನ್ನು ಏರಿಸುತ್ತಲೇ ಹೋಗುವುದು ಇನ್ನೂ ದೊಡ್ಡ ತಪ್ಪು. ಕಾರಿನ ಟೈರನ್ನು ರಿಮ್ಮಿಗೆ ಕೂರಿಸುವಾಗ ಒತ್ತಡ 40 ಪಿಎಸ್‌ಐ ಮೀರಬಾರದೆಂದು ತಯಾರಕರು ಹೇಳುತ್ತಾರೆ. ಅಷ್ಟಕ್ಕೂ ಕೂರದಿದ್ದರೆ ಗಾಳಿ ಇಳಿಸಿ, ಮತ್ತೆ ಸಾಬೂನು ಹಚ್ಚಿ, ಮೊದಲಿನಿಂದ ಆರಂಭಿಸಬೇಕು.

ಲಾರಿಯ ಗಾಲಿಯ ಮಾತು ಬೇರೆ. ಟ್ಯೂಬ್ ಟೈರು ಹಾಕುವ 20 ಇಂಚಿನ ರಿಮ್ಮುಗಳಲ್ಲಿ ಒಂದು ಬದಿಯ ತುಟಿ ಬಿಡಿಯಾಗಿದ್ದು, ಅದನ್ನು ಲಾಕ್ ರಿಂಗ್ ಎಂಬ ಕಬ್ಬಿಣದ ಬಳೆ ಹಿಡಿದಿರುತ್ತದೆ. ಬಳೆ ಸವೆದಿದ್ದರೆ, ತುಕ್ಕು ಹಿಡಿದು ರಿಮ್ಮಿನ ತೋಡಿನಲ್ಲಿ ಪೂರ್ತಿ ಕೂರದಿದ್ದರೆ, ಗಾಳಿ ತುಂಬುವಾಗ ಅದು ಸಿಡಿದು ಎದುರಿಗಿದ್ದವರ ಜೀವ ತೆಗೆಯಬಲ್ಲದು. ಅಮೆರಿಕದ ಕಾರ್ಮಿಕ ಸುರಕ್ಷತಾ ಆಡಳಿತವು 1980ರಲ್ಲಿ ಬಹುಭಾಗದ ರಿಮ್ಮುಗಳಿಗೆಂದೇ ನಿಯಮ ಮಾಡಿ, ಇಂಥ ಗಾಲಿಗಳಿಗೆ ಕಬ್ಬಿಣದ ಪಂಜರದೊಳಗೆ ಗಾಳಿ ತುಂಬುವುದನ್ನು ಕಡ್ಡಾಯಗೊಳಿಸಿತು. ನಮ್ಮ ಹೆದ್ದಾರಿ ಬದಿಯಲ್ಲಿ ಬರಿ ಸರಪಳಿ ಸುತ್ತಿ, ಅದೂ ಇಲ್ಲದಿದ್ದರೆ ಗಾಲಿಯನ್ನು ಬೋರಲು ಹಾಕಿ ಗಾಳಿ ತುಂಬುವ ರೂಢಿಯನ್ನು ಜಾಣತನವೆಂದು ಹೊಗಳುವಂತಿಲ್ಲ.

ಹಾಗೆಂದು ಪ್ರತಿ ಹಾನಿಯನ್ನೂ ಅಂಗಡಿಯವನ ತಲೆಗೆ ಕಟ್ಟುವುದು ಅನ್ಯಾಯ. ಪಟ್ಟಿಯಿಂದಾದ ಗಾಯ ಬೀಡಿನ ಮೇಲೆಯೇ ಇರುತ್ತದೆ; ಅದು ಚಿಕ್ಕದಾಗಿ, ಅಡ್ಡಲಾಗಿ, ಒಂದೋ ಎರಡೋ ಕಡೆ ಮಾತ್ರ ಕಾಣುತ್ತದೆ. ಗಾಳಿ ಕಡಿಮೆಯಿದ್ದಾಗ ಓಡಿಸಿದ ಟೈರಿನಲ್ಲಿ ಪಕ್ಕದ ಗೋಡೆ ಸುತ್ತಲೂ ಸವೆದು, ಬಿಚ್ಚಿದಾಗ ಒಳಗಿನಿಂದ ಕಪ್ಪು ರಬ್ಬರಿನ ಪುಡಿ ಉದುರುತ್ತದೆ. ಅದು ಚಾಲಕನ ಹೊಣೆ. ಗುಂಡಿಗೆ ಬಿದ್ದ ಪೆಟ್ಟಿನಿಂದ ಒಳಗಿನ ನೂಲೆಳೆಗಳು ತುಂಡಾದರೆ ಗೋಡೆಯ ಒಂದು ಜಾಗದಲ್ಲಿ ಗಂಟು ಏಳುತ್ತದೆ. ಗೋಡೆಯ ಮೇಲಿನ ಕೊನೆಯ ನಾಲ್ಕು ಅಂಕಿಗಳನ್ನೂ ಓದಬೇಕು: 2319 ಎಂದಿದ್ದರೆ ಆ ಟೈರು 2019ನೆಯ ಇಸವಿಯ 23ನೆಯ ವಾರದ್ದು, ಬಿಸಿಲಲ್ಲಿ ಗಟ್ಟಿಯಾದ ಅದರ ಅಂಚು ನುರಿತವರ ಕೈಯಲ್ಲೂ ಬಿರುಕು ಬಿಟ್ಟೀತು.

ತಕರಾರಿಗೆ ಸಾಮಾನ್ಯವಾಗಿ ಮೂರು ಮೂಲೆ. ಅಂಗಡಿಯವನು ಕಂಪನಿಯ ಮಾಲೇ ಸರಿಯಿಲ್ಲ ಎನ್ನುತ್ತಾನೆ. ಕ್ಲೇಮಿಗೆ, ಅಂದರೆ ವಾರಂಟಿಯ ಪರಿಹಾರಕ್ಕೆ, ಕಳಿಸಿದರೆ ಕಂಪನಿಯ ಪರೀಕ್ಷಕ ತಪ್ಪಾಗಿ ಕೂಡಿಸಿದ್ದೆಂದು ಬರೆದು ವಾಪಸು ಕಳಿಸುತ್ತಾನೆ, ಏಕೆಂದರೆ ವಾರಂಟಿ ತಯಾರಿಕೆಯ ದೋಷಕ್ಕೆ ಮಾತ್ರ ಸೀಮಿತ. ನಡುವೆ ಸಿಕ್ಕಿದ ಮಾಲೀಕನಿಗೆ ಆ ಬರಹವೇ ಉಪಯೋಗಕ್ಕೆ ಬರುವುದರಿಂದ ಅದನ್ನು ಲಿಖಿತವಾಗಿಯೇ ಪಡೆಯಬೇಕು, ಮತ್ತು ಟೈರನ್ನು ಮರಳಿ ಕೇಳಿ ಪಡೆಯಬೇಕು. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ 2020ರ ಜುಲೈ 20ರಿಂದ ಜಾರಿಯಲ್ಲಿದ್ದು, ಹಣ ಪಡೆದು ಮಾಡಿದ ಕೆಲಸದಲ್ಲಿನ ಕೊರತೆಯನ್ನು ಸೇವಾ ನ್ಯೂನತೆ ಎಂದು ಕರೆಯುತ್ತದೆ; ದೂರಿನಲ್ಲಿ ಅಂಗಡಿಯನ್ನೂ ತಯಾರಕರನ್ನೂ ಒಟ್ಟಿಗೆ ಎದುರುದಾರರನ್ನಾಗಿ ಮಾಡಲು ಅಡ್ಡಿಯಿಲ್ಲ. ಸರಕಿನ ದೋಷವನ್ನು ಪರೀಕ್ಷೆಯಿಲ್ಲದೆ ಹೇಳಲಾಗದಿದ್ದರೆ ಗ್ರಾಹಕ ಆಯೋಗವು ಅದನ್ನು ಪ್ರಯೋಗಾಲಯಕ್ಕೆ ಕಳಿಸಬಹುದು, ಅದರ ಶುಲ್ಕವನ್ನು ಮೊದಲು ದೂರುದಾರನೇ ಕಟ್ಟಬೇಕಾಗುತ್ತದೆ. ಗುಜರಿಗೆ ಹೋದ ಟೈರಿಗೆ ಈ ಯಾವ ಪರೀಕ್ಷೆಯೂ ಇಲ್ಲ.

ಲಾರಿ, ಟೆಂಪೊ ಇಟ್ಟವರಿಗೆ ಇನ್ನೊಂದು ತೊಡಕುಂಟು. ವಾಣಿಜ್ಯ ಉದ್ದೇಶಕ್ಕೆ ಕೊಂಡವರು ಈ ಕಾಯ್ದೆಯ ಅರ್ಥದಲ್ಲಿ ಗ್ರಾಹಕರಲ್ಲ ಎಂಬ ವಾದವನ್ನು ಎದುರುಪಕ್ಷದ ವಕೀಲರು ಮೊದಲಿಗೇ ಮುಂದಿಡುತ್ತಾರೆ. ಆದರೆ ಸ್ವಯಂ ಉದ್ಯೋಗದಿಂದ ಹೊಟ್ಟೆಪಾಡು ನಡೆಸಲೆಂದೇ ಕೊಂಡವರನ್ನು ಕಾಯ್ದೆ ಹೊರಗಿಟ್ಟಿಲ್ಲ. ಲಕ್ಷ್ಮಿ ಎಂಜಿನಿಯರಿಂಗ್ ವರ್ಕ್ಸ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1995ರಲ್ಲಿ ಇದನ್ನು ವಿವರಿಸುವಾಗ ತಾನೇ ಟ್ಯಾಕ್ಸಿ ಓಡಿಸುವವನ ಉದಾಹರಣೆಯನ್ನೇ ಕೊಟ್ಟಿತು. ಸ್ವಂತ ಗಾಡಿಯನ್ನು ತಾನೇ ಓಡಿಸುವ ಬ್ಯಾಡಗಿಯ ಚಾಲಕನಿಗೆ ಈ ತೀರ್ಪು ಆಸರೆಯಾಗುತ್ತದೆ, ಹತ್ತು ಲಾರಿಯ ಸಾಹುಕಾರನಿಗೆ ಆಗುವುದು ಕಷ್ಟ. ಪರಿಹಾರದ ಲೆಕ್ಕದಲ್ಲೂ ಮಿತಿ ಬೇಕು: ಹೊಸದರಲ್ಲಿ 8 ಮಿ.ಮೀ. ಆಳದ ಕಚ್ಚುಗಳಿದ್ದ ಕಾರಿನ ಟೈರು 4.8 ಮಿ.ಮೀ.ಗೆ ಸವೆದಿದ್ದರೆ, 1.6 ಮಿ.ಮೀ. ಕನಿಷ್ಠ ಆಳವನ್ನು ಕಳೆದಾಗ ಅದರ ಆಯುಷ್ಯದಲ್ಲಿ ಉಳಿದದ್ದು ಅರ್ಧ ಮಾತ್ರ. ಹೊಸ ಟೈರಿನ ಪೂರ್ತಿ ಬೆಲೆ ಕೇಳುವುದು ಹಟವೆನಿಸುತ್ತದೆ.

ದೂರುಗಳು ಸೋಲುವುದು ಬಹುತೇಕ ರಸೀದಿಯಿಲ್ಲದ ಕಾರಣದಿಂದ. ನೂರಿನ್ನೂರು ರೂಪಾಯಿಯ ಕೆಲಸಕ್ಕೆ ಚೀಟಿ ಕೇಳಲು ಗಿರಾಕಿಗೆ ಸಂಕೋಚ, ಬರೆಯಲು ಅಂಗಡಿಯವನಿಗೆ ಬೇಸರ. ಬಿಲ್ಲು ಕೊಡದಿರುವುದನ್ನೂ ಇದೇ ಕಾಯ್ದೆ ಅನುಚಿತ ವ್ಯಾಪಾರ ಪದ್ಧತಿಗಳ ಸಾಲಿನಲ್ಲಿ ಸೇರಿಸಿದೆ. ಮುದ್ರಿತ ಪುಸ್ತಕವಿಲ್ಲದಿದ್ದರೆ ತಾರೀಖು, ಗಾಡಿಯ ನಂಬರು, ಯಾವ ಗಾಲಿ ಎಂಬುದನ್ನು ಬಿಳಿ ಹಾಳೆಯಲ್ಲಿ ಬರೆಸಿ ಸಹಿ ಪಡೆದರೂ, ಹಣವನ್ನು ಫೋನಿನಿಂದ ಕಳಿಸಿದರೂ ಅಂದು ಅಲ್ಲಿ ವ್ಯವಹಾರ ನಡೆದದ್ದಕ್ಕೆ ಆಧಾರ ಸಿಗುತ್ತದೆ. ಕೂಡಿಸುವ ಮುನ್ನ ಎರಡೂ ಅಂಚುಗಳ ಫೋಟೊ ತೆಗೆದಿಟ್ಟರೆ ಪ್ರಾಮಾಣಿಕ ಕೆಲಸಗಾರನಿಗೂ ಅದೇ ರಕ್ಷಣೆ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿದರೂ ಮಾತು ಬಗೆಹರಿಯದಿದ್ದಾಗ, ಹಾನಿಯಾದ 2 ವರ್ಷದೊಳಗೆ ಹಾವೇರಿಯ ಜಿಲ್ಲಾ ಗ್ರಾಹಕರ ವ್ಯಾಜ್ಯಗಳ ಪರಿಹಾರ ಆಯೋಗಕ್ಕೆ ದೂರು ಕೊಡಬಹುದು. ಕೊಟ್ಟ ಬೆಲೆ 5 ಲಕ್ಷ ರೂಪಾಯಿಯೊಳಗಿದ್ದರೆ ಅದಕ್ಕೆ ಶುಲ್ಕವಿಲ್ಲ.