ಎರಡು ಇಲಿಗಳ ಸಾಕ್ಷಿ

ನನ್ನ ರೂಮ್‌ಮೇಟ್ ರಾಜಸ್ಥಾನದವನು. ಮೆಸ್ಸಿನಲ್ಲಿ ಉಪ್ಪು ಕೇಳಿದರೆ ಸಾಕು, ಅವನ ಸಾಂಭರ್ ಸರೋವರದ ಪುರಾಣ ಶುರು. ಮೊನ್ನೆ ಮಾತ್ರ ಅವನು ಹೇಳಿದ್ದು ಉಪ್ಪಿನ ಕಥೆಯಲ್ಲ. 2019ರ ನವೆಂಬರಿನಲ್ಲಿ ಆ ಉಪ್ಪುನೀರಿನ ದಂಡೆಯಲ್ಲಿ ಸುಮಾರು 18,000 ಹಕ್ಕಿಗಳು ಸತ್ತವಂತೆ. ಬಹುಪಾಲು ವಲಸೆ ಬಂದವು.

ಬಿ.ಕಾಂ. ಓದುವವನಿಗೆ ಹಕ್ಕಿಯ ಉಸಾಬರಿ ಯಾಕೆ ಅನ್ನಬೇಡಿ. ಕಾರಣ ಹುಡುಕಿದ ರೀತಿ ಕೇಳಿದರೆ ನಮ್ಮ ಆಡಿಟಿಂಗ್ ಮೇಷ್ಟ್ರೂ ತಲೆದೂಗುತ್ತಾರೆ.

ಮೊದಲು ಎಲ್ಲರಿಗೂ ಹಕ್ಕಿಜ್ವರದ ಭಯ. ಭೋಪಾಲದ ಪ್ರಯೋಗಾಲಯ ಅದಲ್ಲ ಎಂದಿತು. ಬರೇಲಿಯ ಭಾರತೀಯ ಪಶುವೈದ್ಯ ಸಂಶೋಧನಾ ಸಂಸ್ಥೆ ಬೊಟುಲಿಸಂ ಎಂದಿತು. ಇದು ಗಾಳಿಯಿಲ್ಲದ ಕಡೆ ಬೆಳೆಯುವ ಒಂದು ಬ್ಯಾಕ್ಟೀರಿಯಾದ ವಿಷದಿಂದ ಬರುವ ಕಾಯಿಲೆ. ನರದ ಅಪ್ಪಣೆ ಸ್ನಾಯುವಿಗೆ ಮುಟ್ಟದಂತೆ ವಿಷ ತಡೆಯುತ್ತದೆ. ರೆಕ್ಕೆ, ಕಾಲು ಸೋತು, ಕೊನೆಗೆ ಕತ್ತೂ ನಿಲ್ಲದೆ ಹಕ್ಕಿ ನೀರಿನಲ್ಲೇ ಮುಳುಗುತ್ತದೆ. ಕೊಯ್ದು ನೋಡಿದರೆ ಒಳಗೆ ಹೇಳಿಕೊಳ್ಳುವಂಥ ಗುರುತೇ ಇಲ್ಲ!

ಹಾಗಾದರೆ ಬ್ಯಾಕ್ಟೀರಿಯಾ ಸಿಕ್ಕರೆ ಸಾಕಲ್ಲ ಎಂದು ನಾನೂ ಅಂದುಕೊಂಡೆ. ಸಾಲದು. ಅದರ ಬೀಜಕಗಳು ಕೆಸರಿನಲ್ಲಿ, ಚೆನ್ನಾಗಿರುವ ಹಕ್ಕಿಯ ಕರುಳಿನಲ್ಲೂ ಇರುತ್ತವೆ. ಬೇರೆ ಕಾರಣಕ್ಕೆ ಸತ್ತ ಹಕ್ಕಿ ಕೊಳೆಯುವಾಗಲೂ ಒಳಗೆ ವಿಷ ಹುಟ್ಟಬಹುದು. ಆದ್ದರಿಂದ ಇನ್ನೂ ಜೀವ ಇರುವ ಹಕ್ಕಿಯ ರಕ್ತವೇ ಒಳ್ಳೆಯ ಸಾಕ್ಷಿ.

ಬಹುಕಾಲದಿಂದ ನಂಬಿಕೊಂಡು ಬಂದ ಪರೀಕ್ಷೆ ಹೀಗೆ. ಆ ರಕ್ತದ ಸೀರಂ ತೆಗೆದು ಇಲಿಗಳಿಗೆ ಚುಚ್ಚುತ್ತಾರೆ. ಒಂದು ಗುಂಪಿಗೆ ಬರೀ ಸೀರಂ. ಇನ್ನೊಂದಕ್ಕೆ ಅದೇ ಸೀರಂ, ಜೊತೆಗೆ ‘ಸಿ’ ವಿಧದ ವಿಷಕ್ಕೆ ಪ್ರತಿವಿಷ. ನೀರುಹಕ್ಕಿಗಳಲ್ಲಿ ಹೆಚ್ಚಾಗಿ ಕಾಣುವುದು ಆ ವಿಧವೇ. ಕೆಲವು ದಿನ ಕಾಯುತ್ತಾರೆ. ಮೊದಲ ಗುಂಪಿನ ಇಲಿ ಉಸಿರಿಗೆ ಒದ್ದಾಡಿ, ಹೊಟ್ಟೆ ಒಳಗೆಳೆದುಕೊಂಡು, ಕಣಜದ ಹುಳುವಿನ ಸೊಂಟದಂತಾಗಿ ಸಾಯುತ್ತದೆ. ಎರಡನೆಯದು ಆರಾಮಾಗಿ ಓಡಾಡಿಕೊಂಡಿದ್ದರೆ ಲೆಕ್ಕ ತಾಳೆಯಾಯಿತು. ಎರಡೂ ಸತ್ತರೆ? ವಿಷ ಬೇರೆ ವಿಧದ್ದಿರಬಹುದು, ಕಾರಣವೇ ಬೇರೆ ಇರಬಹುದು, ಮತ್ತೆ ಹುಡುಕಬೇಕು. ಸತ್ತ ಇಲಿಗಿಂತ ಬದುಕಿದ ಇಲಿಯೇ ಇಲ್ಲಿ ಹೆಚ್ಚು ಹೇಳುತ್ತದೆ ನೋಡಿ.

ಇಷ್ಟು ಹಟ ಯಾಕೆಂದರೆ ಮುಂದಿನ ಕೆಲಸ ಅದರ ಮೇಲೆ ನಿಂತಿದೆ. ಸತ್ತ ಹಕ್ಕಿಯಲ್ಲಿ ನೊಣದ ಮರಿಹುಳು ಬೆಳೆಯುತ್ತದೆ. ವಿಷ ಹುಳುವನ್ನು ಕೊಲ್ಲುವುದಿಲ್ಲ, ಅದರೊಳಗೆ ಸೇರಿಕೊಳ್ಳುತ್ತದೆ. ಅದನ್ನು ತಿಂದ ಹಕ್ಕಿ ಬೀಳುತ್ತದೆ, ಅದರಲ್ಲಿ ಮತ್ತೆ ಹುಳು. ಹೆಣಗಳನ್ನು ಬೇಗ ಬೇಗ ಎತ್ತಿದರೆ ಮಾತ್ರ ಈ ಚಕ್ರಬಡ್ಡಿ ನಿಲ್ಲುವುದು. ಸಾಂಭರ್‌ನಲ್ಲಿ ಹೆಣ ಹೆಕ್ಕಿ ಗುಂಡಿ ತೋಡಿ ಹೂಳಿದರು. ಕುಸಿದಿದ್ದ ಹಕ್ಕಿಗಳನ್ನು ಆರೈಕೆಗೆ ಒಯ್ದರು, ಕೆಲವು ಚೇತರಿಸಿಕೊಂಡು ಹಾರಿದವು.

ಇಲಿ ಬೇಡದ ಪರೀಕ್ಷೆಗಳೂ ಈಗ ಇವೆ. ಆದರೆ ಪಿ.ಸಿ.ಆರ್. ತೋರಿಸುವುದು ವಿಷದ ಜೀನ್ ಅನ್ನು, ವಿಷವನ್ನಲ್ಲ. ಇದನ್ನು ಹೇಳಿದಾಗ ರೂಮ್‌ಮೇಟ್ ಸ್ವಲ್ಪ ಹೊತ್ತು ಸುಮ್ಮನಿದ್ದು, "ಪಾಪ, ಆ ಮೊದಲನೇ ಇಲಿ" ಅಂದ.